ಘಾಟಿನ ಗುಳಿಗೆ

ಈ ಬರಹಕ್ಕೆ ಬರಬಹುದಾದ ಮೊದಲ ಆಕ್ಷೇಪವನ್ನು ನಾನೇ ಎತ್ತುತ್ತೇನೆ. ನನಗೆ ಬಂದದ್ದು ಜೀವ ತೆಗೆಯುವ ಕಾಯಿಲೆಯಲ್ಲ. ಆಪರೇಷನ್ ಆಗಿಲ್ಲ, ಕೂದಲು ಉದುರಿಲ್ಲ, ಒಂದು ದಿನವೂ ಆಸ್ಪತ್ರೆಯ ಮಂಚದ ಮೇಲೆ ಮಲಗಿಲ್ಲ. ಎಡಗಣ್ಣಿನ ನಟ್ಟನಡುವೆ ಒಂದು ಮಸುಕು ಚುಕ್ಕೆ ಬಂತು, ಅಷ್ಟೇ. ಇದರಲ್ಲಿ ಬರೆಯುವಂಥದ್ದು ಏನಿದೆ ಎಂದು ಕೇಳಿದರೆ ನನ್ನ ಉತ್ತರ ಇದು: ಚುಕ್ಕೆ ಬಂದ ಮೊದಲ ವಾರ, ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು, ಮತ್ತೆ ಅದಲುಬದಲು ಮಾಡುತ್ತ, ಹೀಗೆ ಬೇರೆ ಯಾರಿಗಾದರೂ ಆಗಿದೆಯೇ ಎಂದು ಮೊಬೈಲಿನಲ್ಲಿ ಹುಡುಕಿದೆ. ಕನ್ನಡದಲ್ಲಿ ನನಗೆ ಒಂದು ಸಾಲೂ ಸಿಗಲಿಲ್ಲ. ಇವತ್ತು ಯಾರಾದರೂ ಹಾಗೆ ಹುಡುಕುತ್ತಿದ್ದರೆ ಅವರಿಗೊಂದು ಸಾಲು ಇರಲಿ.

ಹಾವೇರಿಯ ಕಾಲೇಜಿನಲ್ಲಿ ಓದುವಾಗ ನಾನು ಚರ್ಚಾಸ್ಪರ್ಧೆಯ ಹುಡುಗಿ. ಯಾವ ಮಾತನ್ನೂ ಪುರಾವೆ ಕೇಳದೆ ಒಪ್ಪಬಾರದು ಎಂಬುದನ್ನು ಅಲ್ಲಿ ಎಷ್ಟು ಚೆನ್ನಾಗಿ ಕಲಿತೆನೆಂದರೆ, ಮನೆಯಲ್ಲಿ ಸತ್ಯನಾರಾಯಣ ಪೂಜೆಯಿದ್ದ ದಿನ ಅವ್ವ ನನ್ನನ್ನು ಅಡುಗೆಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಕಂಪ್ಯೂಟರಿನಲ್ಲಿ ನಾನು ಬರೆದ ಕೋಡಿನ ಸಾಲುಗಳು ನಡುವೆ ಬಾಗಿ ಕಂಡಾಗ ನಾನು ಮೊದಲು ಅನುಮಾನಿಸಿದ್ದು ಕಣ್ಣನ್ನಲ್ಲ, ಮಾನಿಟರನ್ನು.

ನಮ್ಮ ಕಚೇರಿ ರಾಣೇಬೆನ್ನೂರಿನಲ್ಲಿ, ಒಂದು ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ. ಹತ್ತು ಹನ್ನೆರಡು ಜನರ ಸಣ್ಣ ಸಾಫ್ಟ್‌ವೇರ್ ಕಂಪನಿ. ಗಿರೀಶ ಸರ್ ನಮ್ಮ ಮ್ಯಾನೇಜರ್. ಅವರ ಮೇಲೆ ಮಾಲೀಕರು, ಅವರ ಮೇಲೆ ಯಾರೂ ಇಲ್ಲ.

"ಸರ್, ಈ ಮಾನಿಟರ್ ನಡುವ ಬಾಗೇತಿ ನೋಡ್ರಿ."

"ಎಲ್ಲಿ ಬಾಗೇತವಾ? ಡೆಡ್‌ಲೈನ್ ಹತ್ರ ಬಂತಂದ್ರ ನಿನಗ ಮಾನಿಟರೂ ಬಾಗ್ತೈತಿ, ಖುರ್ಚೀನೂ ಬಾಗ್ತೈತಿ."

ಪಕ್ಕದ ಟೇಬಲ್ಲಿನ ಪ್ರವೀಣ ಏನೂ ಕೇಳದೆ ತನ್ನ ಮಾನಿಟರನ್ನು ಎತ್ತಿ ನನ್ನ ಮುಂದಿಟ್ಟ, ನನ್ನದನ್ನು ತಾನಿಟ್ಟುಕೊಂಡ. ನನಗಿಂತ ಚಿಕ್ಕವನು, ಮೇಡ್ಲೇರಿಯಿಂದ ದಿನಾ ಬೈಕಿನಲ್ಲಿ ಬರುತ್ತಾನೆ, ನಾನು ಬರೆದದ್ದನ್ನು ಪರೀಕ್ಷಿಸಿ ತಪ್ಪು ಹುಡುಕುವುದು ಅವನ ಕೆಲಸ. ಅವನ ಮಾನಿಟರಿನಲ್ಲೂ ಸಾಲು ಬಾಗಿತ್ತು. ತಲೆ ಎತ್ತಿ ಬಾಗಿಲ ಚೌಕಟ್ಟು ನೋಡಿದೆ. ಅದೂ ಬಾಗಿತ್ತು. ಬಲಗಣ್ಣು ಮುಚ್ಚಿದೆ. ಚೌಕಟ್ಟಿನ ನಡುವೆ ಹೊಗೆಯ ಮುದ್ದೆಯೊಂದು ಕೂತಿತ್ತು. ಎಡಗಣ್ಣು ಮುಚ್ಚಿದೆ. ಎಲ್ಲ ನೆಟ್ಟಗಾಯಿತು. ಇದಕ್ಕಿಂತ ಸ್ಪಷ್ಟವಾದ ಪುರಾವೆ ನನ್ನ ಜೀವನದಲ್ಲಿ ನನಗೆ ಸಿಕ್ಕಿಲ್ಲ.

ಆ ಡೆಡ್‌ಲೈನಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಕೆಲವು ದಲಾಲಿ ಅಂಗಡಿಗಳಿಗೆ, ಅಂದರೆ ರೈತರ ಮಾಲನ್ನು ಮಾರಿಸಿಕೊಡುವ ಅಂಗಡಿಗಳಿಗೆ, ನಾವು ಹೊಸ ಸಾಫ್ಟ್‌ವೇರ್ ಮಾಡುತ್ತಿದ್ದೆವು. ತೂಕದಿಂದ ಹಿಡಿದು ರೈತನ ಕೈಗೆ ಬಿಲ್ಲು ಬರುವವರೆಗೆ ಎಲ್ಲ ಒಂದರಲ್ಲೇ. ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮ ಮಾಲೀಕರು ಎದುರು ಕೂತ ವ್ಯಾಪಾರಿಗೆ, "ಸಂಕ್ರಾಂತಿ ಆದ ಸೋಮವಾರ ಚಾಲೂ ಮಾಡಿಕೊಡ್ತೇವ್ರಿ" ಅಂದುಬಿಟ್ಟಿದ್ದರು. ಕೋಡು ಬರೆಯುವ ಒಬ್ಬರೂ ಆ ಪಂಕ್ತಿಯಲ್ಲಿರಲಿಲ್ಲ. ಯುಗಾದಿಯವರೆಗೆ ಬೇಕು ಎಂದು ನಾನು ಲೆಕ್ಕ ತೋರಿಸಿದೆ. ಗಿರೀಶ ಸರ್ ಪೂರ್ತಿ ಕೇಳಿಸಿಕೊಂಡು, "ಯುಗಾದಿಗೆ ಸೀಜನ್ನ ಇಳದಿರ್ತೈತಿ. ಆವಾಗ ಯಾರಿಗೆ ತೋರಸ್ತಿ?" ಅಂದರು. ಒಳ್ಳೆಯ ವಾದ, ಒಪ್ಪುತ್ತೇನೆ. ಆದರೆ ಒಳ್ಳೆಯ ವಾದದಿಂದ ಕೋಡು ಬೇಗ ಹುಟ್ಟುವುದಿಲ್ಲ.

ಅಂದಿನಿಂದ ಪ್ರತಿದಿನ ಸಂಜೆ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ, ಮಾಲೀಕರು ಓದುವ ಹೊತ್ತಿಗೆ ಸರಿಯಾಗಿ, ಯಾರ ಕೆಲಸ ಬಾಕಿ ಎಂದು ಹೆಸರು ಬೀಳತೊಡಗಿತು. ಯಾರಾದರೂ ಜ್ವರವೆಂದು ರಜೆ ಹಾಕಿದರೆ ಗಿರೀಶ ಸರ್ "ಲಗೂ ಆರಾಮಾಗು" ಎಂದು ಬರೆದು, ಅದರ ಕೆಳಗೇ ಅವರ ಬಾಕಿ ಕೆಲಸ ಹಾಕುತ್ತಿದ್ದರು. ನೋಡಿದವರಿಗೆ ಅದು ಕಾಳಜಿಯ ಹಾಗೆಯೇ ಕಾಣುತ್ತಿತ್ತು.

ಮಾರುಕಟ್ಟೆ ನಡೆಯುವ ಸೋಮವಾರ, ಗುರುವಾರ ನಾನೂ ಪ್ರವೀಣನೂ ಬ್ಯಾಡಗಿಯ ಅಂಗಡಿಯಲ್ಲೇ ಕೂತು ಕೆಲಸ ಮಾಡಬೇಕಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರಿಗೂ ಗೊತ್ತು. ಮಾರುಕಟ್ಟೆಯ ಧೂಳಿಗೆ ಅದು ಗೊತ್ತಿಲ್ಲ. ಚೀಲ ಸುರಿದು, ರಾಶಿ ಮಾಡಿ, ಮತ್ತೆ ತುಂಬುವಾಗ ಏಳುವ ಘಾಟಿಗೆ ನಾನು ಒಂದೇ ಸಮನೆ ಸೀನುತ್ತಿದ್ದೆ. ಹಮಾಲರು ಬಾಯಿಗೆ ಬಟ್ಟೆ ಕಟ್ಟಿಕೊಂಡು ನಗುತ್ತಿದ್ದರು. "ಕಂಪ್ಯೂಟರ್ ಅಕ್ಕಾರು ಬಂದ್ರು, ಇನ್ನ ಸೀನು ಚಾಲೂ" ಎನ್ನುತ್ತಿದ್ದರು.

ಅದಕ್ಕೆ ಗಿರೀಶ ಸರ್ ಹತ್ತಿರ ಪರಿಹಾರವಿತ್ತು. ಅವರ ಟೇಬಲ್ಲಿನ ಡ್ರಾವರಿನಲ್ಲಿ ಸಣ್ಣ ಬಿಳಿ ಗುಳಿಗೆಗಳ ಹಾಳೆಗಳು. ಬ್ಯಾಡಗಿಗೆ ಹೋಗುವವರಿಗೆಲ್ಲ ಹಂಚುತ್ತಿದ್ದರು. ನಮ್ಮಲ್ಲಿ ಅದರ ಹೆಸರು ಘಾಟಿನ ಗುಳಿಗೆ. "ತಗೋರಿ, ಸೀನೂದ್ರಾಗ ಅರ್ಧಾ ದಿನಾ ಹಾಳಾಕ್ಕೈತಿ." ಗುಳಿಗೆ ಕೆಲಸ ಮಾಡುತ್ತಿತ್ತು. ಮೂಗು ತಿಳಿಯಾಗುತ್ತಿತ್ತು, ಹಸಿವು ಹೆಚ್ಚುತ್ತಿತ್ತು, ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಡೆಡ್‌ಲೈನ್ ಇರುವವರಿಗೆ ಇದಕ್ಕಿಂತ ಏನು ಬೇಕು? ಮೊದಲು ಮಾರುಕಟ್ಟೆಯ ದಿನ ಮಾತ್ರ ನುಂಗುತ್ತಿದ್ದೆ, ಆಮೇಲೆ ದಿನಾ. ಮುಖ ದುಂಡಗಾಯಿತು. "ಅಂತೂ ನಮ್ಮ ಹುಡಿಗಿ ಮೈ ಹಿಡದ್ಲು" ಎಂದು ಅವ್ವ ಓಣಿಯವರ ಮುಂದೆಲ್ಲ ಹೇಳಿಕೊಂಡಳು. ದೇವರಿಗೂ ಪುರಾವೆ ಕೇಳಿದವಳು ಗುಳಿಗೆಯ ಹೆಸರನ್ನು ಓದಿರಲಿಲ್ಲ.

ಕಣ್ಣಿನ ವಿಷಯ ಮನೆಯಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಒಂದ ಕಣ್ಣೋ, ಎರಡೂನೋ?" ಅಪ್ಪ ವಿಮಾ ಏಜೆಂಟ್. ಒಂದು ಕಣ್ಣು ಹೋದರೆ ಅರ್ಧ ಹಣ, ಎರಡೂ ಹೋದರೆ ಪೂರ್ತಿ ಎಂದು ಪಾಲಿಸಿ ತಿಳಿಸಿ ಹೇಳುವಾಗ ಇದೇ ಪ್ರಶ್ನೆಯನ್ನು ಇದೇ ದನಿಯಲ್ಲಿ ಕೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ನಾನು ನಕ್ಕೆ. ಅವರು ನಗಲಿಲ್ಲ.

ಅವ್ವ ಒಣಮೆಣಸಿನಕಾಯಿ, ಉಪ್ಪು ಮುಷ್ಟಿಯಲ್ಲಿ ಹಿಡಿದು ನನಗೆ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರದಿದ್ದರೆ ಕೆಟ್ಟ ಕಣ್ಣು ತಗುಲಿದೆ ಎಂದು ಲೆಕ್ಕ. ಘಾಟು ಬರಲಿಲ್ಲ.

"ನೋಡಿದ್ಯಾ?" ಅಂದಳು.

"ಅವ್ವ, ಬ್ಯಾಡಗಿ ಕಾಯಿಗೆ ಖಾರಾನ ಇಲ್ಲ. ಗುಂಟೂರು ಕಾಯಿ ಹಾಕಿ ನೋಡು, ಆಮ್ಯಾಲ ಮಾತಾಡೂಣು."

"ನಿನ್ನ ನಾಲಿಗಿಗೆ ಮದ್ಲ ನಿವಾಳಿಸಬೇಕಾಗಿತ್ತು. ಮತ್ತ ಈ ಕಣ್ಣಿನ ಸುದ್ದಿ ಹೊರಗ ಬಾಯಿ ಬಿಡಬ್ಯಾಡ. ಸಂಬಂಧ ನೋಡಾಕತ್ತೇವಿ, ನೆನಪಿರ್ಲಿ."

ಅಪ್ಪ ಕರೆದುಕೊಂಡು ಹೋದ ಹಾವೇರಿಯ ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ವಯಸ್ಸಿನವರು ಯಾರೂ ಇರಲಿಲ್ಲ. ಕಣ್ಣಿಗೆ ಹನಿ ಹಾಕಿ, ಮುಚ್ಚಿಕೊಂಡು ಕೂರಲು ಹೇಳಿದರು. ಇಡೀ ಬೆಂಚಿನ ತುಂಬ ಕಣ್ಣು ಮುಚ್ಚಿದ ಮುದುಕರು, ನಡುವೆ ನಾನು. ಪಕ್ಕದಲ್ಲಿದ್ದ ಹೊಸರಿತ್ತಿ ಊರಿನ ಒಬ್ಬ ಅಜ್ಜಿ ನನ್ನ ದನಿ ಕೇಳಿ ಮಾತಿಗಿಳಿದಳು.

"ನಿನಗೂ ಪೊರಿ ಬಂದೈತೇನ ಬೇ, ಇಷ್ಟ ಸಣ್ಣಾಕಿಗೆ?"

"ಏನ್ ಬಂದೈತಿ ಗೊತ್ತಿಲ್ಲಮ್ಮ."

"ಗೊತ್ತಾಗೂತನಾ ಚೊಲೋ ಇರ್ತೈತಿ ಬಿಡು." ನಾನು ಮೂಗೆಳೆದುಕೊಂಡದ್ದು ಕೇಳಿ, "ಅಳಾಕತ್ತಿಯೇನು? ಅಳಬ್ಯಾಡ. ಹನಿ ಹೊರಗ ಹೋಕ್ಕೈತಿ, ಮತ್ತ ಹಾಕಿ ಮತ್ತ ಕುಂದ್ರಸ್ತಾರ."

ಸಾಂತ್ವನ ಎಂದು ನನಗೆ ಸಿಕ್ಕ ಮಾತುಗಳಲ್ಲಿ ಪುರಾವೆ ಸಮೇತ ಬಂದದ್ದು ಅದೊಂದೇ. ಅಳು ನಿಲ್ಲಿಸಿದೆ. ನನ್ನ ಹೆಸರು ಕೂಗುವವರೆಗೂ ಅಜ್ಜಿ ನನ್ನ ಮುಂಗೈ ಹಿಡಿದೇ ಕೂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಡಾಕ್ಟರ್ ಮೇಡಂ ಸ್ಕ್ಯಾನಿನ ಚಿತ್ರ ತೋರಿಸಿದರು. ಕಣ್ಣಿನ ಒಳಪರದೆಯ ಕೆಳಗೆ ನೀರು ಸೇರಿ, ಪರದೆ ಸಣ್ಣ ಗುಡ್ಡದ ಹಾಗೆ ಎದ್ದಿತ್ತು.

"ಸ್ಟಿರಾಯ್ಡ್ ಏನರ ತಗೋತೀಯೇನು?"

"ಇಲ್ರಿ."

"ದಮ್ಮಿಗೆ, ಚರ್ಮಕ್ಕ, ಮೂಗಿಗೆ? ಮುಲಾಮು, ಸ್ಪ್ರೇ, ಏನಾದ್ರೂ?"

"ಏನೂ ಇಲ್ರಿ ಮೇಡಂ. ಘಾಟಿನ ಗುಳಿಗಿ ಒಂದ ತಗೋತೇನಿ."

"ಅದು ಯಾವುದವಾ?"

ಬ್ಯಾಗಿನಿಂದ ಗುಳಿಗೆಯ ಹಾಳೆ ತೆಗೆದು ಕೊಟ್ಟೆ. ಹನಿ ಹಾಕಿದ ಕಣ್ಣಿಗೆ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅವರು ಹಾಳೆಯನ್ನು ಹಿಂದೆಮುಂದೆ ತಿರುಗಿಸಿದ ಸದ್ದು ಕೇಳಿಸಿತು.

"ಇದನ್ನ ಯಾವ ಡಾಕ್ಟರ್ ಬರದುಕೊಟ್ರು?"

"ಮ್ಯಾನೇಜರ್."

ಹಿಂದೆ ನಿಂತಿದ್ದ ಅಪ್ಪ ಕೆಮ್ಮಿದರು. ಆಮೇಲೆ ಮೇಡಂ ನಿಧಾನಕ್ಕೆ ಹೇಳಿದರು: ಇದು ಸ್ಟಿರಾಯ್ಡೇ, ಒಮ್ಮೆಗೇ ಬಿಡುವಂತಿಲ್ಲ, ತಾವು ಬರೆದ ಹಾಗೆ ಇಳಿಸುತ್ತ ಬರಬೇಕು. ನಿದ್ದೆ ಮಾಡಬೇಕು. ಉಳಿದದ್ದು ಕಾಯುವುದು. ನೀರು ಬಹಳ ಜನರಲ್ಲಿ ತಾನಾಗಿ ಇಂಗುತ್ತದೆ. ಕೆಲವರಲ್ಲಿ ಕಲೆ ಉಳಿಯುತ್ತದೆ.

"ನಾ ಯಾವುದ್ರಾಗ ಬರ್ತೇನ್ರಿ?"

"ಅದನ್ನ ಈಗ ಹೆಂಗ ಹೇಳ್ಲಿ?"

"ಗುಳಿಗಿಯಿಂದನ ಬಂತು ಅಂತ ಹೇಳಬಹುದಲ್ರಿ?"

"ಗುಳಿಗಿ, ನಿದ್ದಿ ಇಲ್ದದ್ದು, ಟೆನ್ಷನ್. ಎಲ್ಲಾ ಕೂಡೇತಿ. ಇದೊಂದರಿಂದನ ಅಂತ ಆಣಿ ಮಾಡಿ ಹೇಳಂಗಿಲ್ಲ."

ಪ್ರಾಮಾಣಿಕ ಉತ್ತರ. ಚರ್ಚೆಯಲ್ಲಾದರೆ ಇಂಥ ಉತ್ತರ ಕೊಟ್ಟವರನ್ನು ನಾನು ಮುಂದಿನ ಮಾತಿನಲ್ಲೇ ಕೆಡವುತ್ತಿದ್ದೆ. ಅಲ್ಲಿ ಮಾತ್ರ ಆ ಉತ್ತರದ ಮೇಲೆಯೇ ಬದುಕಬೇಕಾಯಿತು.

ಸಂಕ್ರಾಂತಿ ಆದ ಸೋಮವಾರ ಎದುರಿಗಿತ್ತು. ಗಿರೀಶ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು, "ಅಯ್ಯೋ, ಆರೋಗ್ಯ ಮದ್ಲು ನೋಡವಾ" ಅಂದರು. ಸಂಜೆ ಗುಂಪಿನಲ್ಲಿ "ಲಗೂ ಆರಾಮಾಗು" ಬಂತು, ಕೆಳಗೆ ನನ್ನ ಬಾಕಿ ಕೆಲಸ. ಮಾಲೀಕರು ಓದಿದ ಗುರುತು ಬಿತ್ತು.

ಕೋಡು ನನ್ನದು. ನಾನಿಲ್ಲದೆ ಕೆಟ್ಟರೆ ನನ್ನ ಹೆಸರೇ ಬೀಳುತ್ತದೆ, ನಾನಿದ್ದು ಕೆಟ್ಟರೂ ನನ್ನದೇ. ಹೊರಡುವ ದಿನ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಕಣ್ಣ ಹೋದ ಮ್ಯಾಲ ಯಾವ ಕಂಪ್ಯೂಟರ್ ನೋಡ್ತಿ?" "ಸೋಮವಾರ ಒಂದು ಮುಗೀಲಿ, ಅವ್ವ" ಅಂದೆ. ಅದು ವಾದವಲ್ಲ. ಅವಳು ಪಕ್ಕಕ್ಕೆ ಸರಿದಳು.

ಬ್ಯಾಡಗಿಯಲ್ಲಿ ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೂತೆ. ಸುತ್ತ ವ್ಯಾಪಾರಿಗಳು, ನಡುವೆ ಹೊಸ ಅಂಗಿ ತೊಟ್ಟ ಮಾಲೀಕರು. ಅಂಗಳದಲ್ಲಿ ಚೀಲ ಸುರಿಯತೊಡಗಿದ ಮೇಲೆ ಬಟ್ಟೆಯೂ ತಡೆಯಲಿಲ್ಲ. ಸೀನು ಶುರುವಾಯಿತು. ಒಂದು ಕಣ್ಣಿನಲ್ಲಿ ಅಂಕಿಗಳು ಕರಗುತ್ತಿದ್ದವು, ಇನ್ನೊಂದರಲ್ಲಿ ನೀರು. ಗಿರೀಶ ಸರ್ ಬಂದು ಕೀಬೋರ್ಡಿನ ಪಕ್ಕ ಒಂದು ಲೋಟ ನೀರು, ಒಂದು ಬಿಳಿ ಗುಳಿಗೆ ಇಟ್ಟರು.

"ಇವತ್ತೊಂದಿನ. ಒಂದ ಗುಳಿಗಿಗೆ ಏನಾಗ್ತೈತಿ?"

"ಸರ್, ಡಾಕ್ಟರ್ ಹೇಳ್ಯಾರ್ರಿ, ಅವರು ಬರದಷ್ಟ..."

"ಡಾಕ್ಟರ್ ಇಲ್ಲಿ ಬಂದು ಬಿಲ್ ಹರೀತಾರೇನು?"

ವ್ಯಾಪಾರಿಗಳು ನೋಡುತ್ತಿದ್ದರು. ನುಂಗಿದರೆ ಮಾತು ಮುಗಿಯುತ್ತದೆ ಎಂಬಷ್ಟು ಸುಸ್ತಾಗಿತ್ತು ನನಗೆ. ಅಷ್ಟರಲ್ಲಿ ಪ್ರವೀಣ ಕೈ ಚಾಚಿ ಗುಳಿಗೆ ಎತ್ತಿಕೊಂಡ. "ಕೊಡ್ರಿ ಸರ್, ನಂದು ಖಾಲಿ ಆಗೇತಿ, ನನಗ ಬೇಕಾಗಿತ್ತು." ಬಾಯಿಗೆ ಹಾಕಿ, ನನ್ನ ಲೋಟದ ನೀರನ್ನೇ ಕುಡಿದ. ಗಿರೀಶ ಸರ್ ವ್ಯಾಪಾರಿಗಳ ಕಡೆ ತಿರುಗಿದರು. ಆ ಇಡೀ ಕಾಯಿಲೆಯಲ್ಲಿ ನನಗೆ ಸಿಕ್ಕ ದೊಡ್ಡ ಉಪಕಾರ ಅದು ಎಂದು ಬಹಳ ದಿನ ಅಂದುಕೊಂಡಿದ್ದೆ.

ಮಧ್ಯಾಹ್ನದವರೆಗೆ ಎಲ್ಲ ನಡೆಯಿತು. ಮಾಲೀಕರಿಗೂ ಗಿರೀಶ ಸರ್‌ಗೂ ಶಾಲು ಹೊದಿಸಿ ಫೋಟೋ ತೆಗೆದರು. ಫೋಟೋ ಆದ ಸ್ವಲ್ಪ ಹೊತ್ತಿಗೆ ಬಿಲ್ಲುಗಳು ನಿಂತವು. ಒಮ್ಮೆಗೆ ಅಷ್ಟು ಅಂಗಡಿಗಳ ಲೆಕ್ಕ ಬಂದರೆ ತಡೆಯುತ್ತದೆಯೇ ಎಂದು ಪರೀಕ್ಷಿಸಲು ನಾನು ಯುಗಾದಿಯವರೆಗೆ ಸಮಯ ಕೇಳಿದ್ದೆ, ನೆನಪಿರಲಿ. ರೈತರು ಕೂಗಾಡಿದರು, ಅಂಗಡಿಯವರು ಹಳೆಯ ಬಿಲ್ ಪುಸ್ತಕ ಹೊರತೆಗೆದರು.

ಮರುದಿನದ ಸಭೆಯಲ್ಲಿ ಗಿರೀಶ ಸರ್ ಮಾಲೀಕರಿಗೆ, "ಕೋಡ್ ಎಲ್ಲಾ ತಯಾರಿತ್ರಿ. ಒಬ್ಬರ ಆರೋಗ್ಯದ ಸಲುವಾಗಿ ಹಿಂಗಾತು" ಅಂದರು. ನಾನು ಎದ್ದು ನಿಂತೆ. ತಾರೀಖು ಕೊಟ್ಟವರು ಯಾರು? ಪರೀಕ್ಷೆಗೆ ಸಮಯ ಇಲ್ಲ ಅಂದವರು ಯಾರು? ಆರೋಗ್ಯದ ಮಾತು ಬಂದಿದ್ದಕ್ಕೆ ಕೇಳುತ್ತೇನೆ, ಆ ಡ್ರಾವರಿನಲ್ಲಿ ಇರುವುದೇನು? ಗಿರೀಶ ಸರ್, "ಗುಳಿಗಿ ನಾ ಏನ್ ನಿನ್ನ ಬಾಯಾಗ ತುರುಕಿದ್ನೇನವಾ?" ಎಂದು ಮೆತ್ತಗೆ ಕೇಳಿದರು. ಗುಳಿಗೆ ತಿಂದವರೆಲ್ಲರ ಮುಖವನ್ನೂ ನಾನು ನೋಡಿದೆ. ಪ್ರವೀಣ ನೆಲ ನೋಡುತ್ತಿದ್ದ.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಬಂದು ಹೇಳಿದ: "ಮಾತ್ನ್ಯಾಗ ನೀನ ಗೆದ್ದಿ ಅಕ್ಕಾ. ಆದ್ರ ಅಲ್ಲಿ ಗೆಲ್ಲೂ ಆಟಾನ ನಡದಿರ್ಲಿಲ್ಲ."

ಅವನು ಹೇಳಿದ್ದು ಸರಿ. ಚರ್ಚಾಸ್ಪರ್ಧೆಯಲ್ಲಿ ತೀರ್ಪುಗಾರರಿರುತ್ತಾರೆ. ಕಚೇರಿಯಲ್ಲಿ ತಾರೀಖು ಕೊಟ್ಟವರೇ ತೀರ್ಪುಗಾರರು.

ಆ ವಾರದ ಸ್ಕ್ಯಾನಿನಲ್ಲಿ ಗುಡ್ಡ ದೊಡ್ಡದಾಗಿತ್ತು. ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿ ಕೂತೆ. ಆಸ್ಪತ್ರೆಯಲ್ಲಿ ಚೌಕುಳಿ ಗೆರೆಗಳ ಒಂದು ಕಾರ್ಡು ಕೊಟ್ಟಿದ್ದರು. ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿ, ದಿನಾ ಬೆಳಿಗ್ಗೆ ಬಲಗಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡಬೇಕು. ಗೆರೆಗಳು ನೆಟ್ಟಗಿದ್ದರೆ ಗುಣ. ನೆಟ್ಟಗಿರಲಿಲ್ಲ. ಹಿಂದಿನ ದಿನಕ್ಕಿಂತ ಕಡಿಮೆ ಬಾಗಿವೆಯೇ, ಅಥವಾ ಕಡಿಮೆ ಬಾಗಿರಲಿ ಎಂದು ನಾನು ಬಯಸುತ್ತಿದ್ದೇನೆಯೇ ಎಂದು ಬೇರ್ಪಡಿಸುವುದು ಅಸಾಧ್ಯವಾಗಿತ್ತು. ನನ್ನ ಕಣ್ಣೇ ಸಾಕ್ಷಿ, ಅದೇ ಆರೋಪಿ. ಗುಳಿಗೆ ಇಳಿಸುತ್ತ ಹೋದ ಹಾಗೆ ಮೈಕೈ ನೋವು, ಕಾರಣವಿಲ್ಲದ ಅಳು. ಬಲಗಣ್ಣಿಗೂ ಬರುತ್ತದೆ ಎಂಬ ಭಯ ಮಾತ್ರ ಯಾವ ಗುಳಿಗೆಗೂ ಇಳಿಯಲಿಲ್ಲ. ಕಣ್ಣು ಕಟ್ಟಿಕೊಂಡು ಅಡುಗೆಮನೆಯಿಂದ ಬಚ್ಚಲಿಗೆ ನಡೆಯುವುದನ್ನು ಗುಟ್ಟಾಗಿ ಅಭ್ಯಾಸ ಮಾಡಿದೆ. ಒಂದು ದಿನ ಅಪ್ಪ ನೋಡಿಬಿಟ್ಟರು. ದಾರಿಯಲ್ಲಿದ್ದ ಸ್ಟೂಲನ್ನು ಎತ್ತಿ ಪಕ್ಕಕ್ಕಿಟ್ಟರು. ಅದು ಮತ್ತೆ ಆ ಜಾಗಕ್ಕೆ ಬರಲೇ ಇಲ್ಲ.

ನೋಡಿದ್ದ ಒಂದು ಸಂಬಂಧ ಮುರಿಯಿತು. ಕಣ್ಣಿನ ಸುದ್ದಿ ಅವರಿಗೆ ಹೇಗೆ ತಿಳಿಯಿತು ಎಂದು ಅವ್ವ ತಲೆ ಕೆಡಿಸಿಕೊಂಡಳು. ನಾನೇ ಹುಡುಗನಿಗೆ ಹೇಳಿದ್ದೆ. ಅವಳು ಈ ಬರಹ ಓದಿದರೆ ಈಗ ತಿಳಿಯುತ್ತದೆ.

ಮಾವಿನಕಾಯಿ ಮಾರುಕಟ್ಟೆಗೆ ಬರುವ ಹೊತ್ತಿಗೆ ನೀರು ಇಂಗಿತು. "ಗುಡ್ಡ ಹೋಗೇತಿ" ಎಂದು ಮೇಡಂ ಚಿತ್ರ ತೋರಿಸಿದರು. ಗೆರೆಗಳು ಈಗಲೂ ನಡುವೆ ತುಸು ನಡುಗುತ್ತವೆ. ಬಣ್ಣ ಪೂರ್ತಿ ಬರಲಿಲ್ಲ. ಎಡಗಣ್ಣೊಂದರಲ್ಲೇ ನೋಡಿದರೆ ಬ್ಯಾಡಗಿ ಮೆಣಸಿನಕಾಯಿ ಹಳೆಯ ಇಟ್ಟಿಗೆಯ ಬಣ್ಣ. ಇಷ್ಟೇ ಉಳಿಯುತ್ತದೆ ಎಂದರು, ಮರುಕಳಿಸಬಹುದು ಎಂದೂ ಹೇಳಿದರು.

ಅದೇ ಕಚೇರಿಗೆ ವಾಪಸ್ ಹೋದೆ. ಯಾಕೆ ಎಂದು ಕೇಳುವವರು ರಾಣೇಬೆನ್ನೂರಿನಲ್ಲಿ ಕೋಡು ಬರೆಯುವ ಇನ್ನೊಂದು ಕೆಲಸ ತೋರಿಸಲಿ, ಆಮೇಲೆ ಉತ್ತರಿಸುತ್ತೇನೆ. ಬ್ಯಾಡಗಿಗೆ ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಹಾಗಾಗಿ ಈ ಸೀಜನ್ನಿನಲ್ಲಿ ನನ್ನ ಪಾಲಿನ ದಿನಗಳೂ ಪ್ರವೀಣನಿಗೆ ಹೋದವು. ಡ್ರಾವರು ಅಲ್ಲೇ ಇದೆ. ಅದರಲ್ಲಿರುವುದು ಏನೆಂದು ಅವನಿಗೆ ನಾನು ಎಷ್ಟು ಸಲ ಹೇಳಿದ್ದೇನೋ. "ನನಗೇನೂ ಆಗಿಲ್ಲಲ್ಲ ಅಕ್ಕಾ" ಎನ್ನುತ್ತಾನೆ. ಮುಖ ದುಂಡಗಾಗಿದೆ.

ಹೋದ ವಾರ ಅವನು ಕೂತಲ್ಲೇ ತನ್ನ ಮಾನಿಟರಿನ ಮೂಲೆ ಹಿಡಿದು ಅಲ್ಲಾಡಿಸುತ್ತಿದ್ದ.

"ಏನಾತೋ?"

"ಏನಿಲ್ಲ. ಇದು ಯಾಕೋ ಸರಿ ಕಾಣವಲ್ದು."

ಅವನನ್ನು ಕಿಟಕಿಗೆ ಕರೆದುಕೊಂಡು ಹೋದೆ. ಬಲಗಣ್ಣು ಮುಚ್ಚಿಸಿ ಕೇಳಿದೆ, ಎಲ್ಲ ಸರಿ ಅಂದ. ಎಡಗಣ್ಣು ಮುಚ್ಚಿಸಿ, ರಸ್ತೆಯಾಚೆಯ ಮುಚ್ಚಿದ ಅಂಗಡಿ ತೋರಿಸಿದೆ. ಅಂಗಡಿ ಹೊಸದು, ಇನ್ನೂ ತೆರೆದಿರಲಿಲ್ಲ, ಶಟರ್ ಕೂರಿಸಿ ವಾರವೂ ಆಗಿರಲಿಲ್ಲ.

"ಶಟರಿನ ಪಟ್ಟಿ ಹೆಂಗದಾವು?"

ಅವನು ನೋಡಿದ. ತಲೆ ಆ ಕಡೆ ಈ ಕಡೆ ವಾಲಿಸಿ ಮತ್ತೆ ನೋಡಿದ.

"ನಡುವ ಒಳಗ ಹೋಗೇತಲ್ಲ ಅಕ್ಕಾ. ಯಾವುದೋ ಗಾಡಿ ಗುದ್ದಿರಬೇಕು."

"ನಾಳೆ ಹಾವೇರಿಗೆ ಹೋಗೂಣು ನಡಿ."

"ಸೋಮವಾರ ಒಂದು ಮುಗೀಲಿ, ಅಕ್ಕಾ."

ನಾನು ನನ್ನ ಎಡಗಣ್ಣು ಮುಚ್ಚಿ, ಒಳ್ಳೆಯ ಕಣ್ಣಿನಿಂದ ನೋಡಿದೆ. ಶಟರ್ ನೆಟ್ಟಗೇ ಇತ್ತು.